ಕೌನ್ಸೆಲರ್ ಬಾಗಿಲು ತೆರೆಯದ ದಿನ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ನೀವು ಕೇಳಬೇಕಿದ್ದದ್ದು ಹಿಂಗಾರಿ ಕಡಲೆಯ ಬಗ್ಗೆ. ಮಾತಾಡಬೇಕಿದ್ದವರಿಗೆ ಬರಲು ಆಗಲಿಲ್ಲವಂತೆ. ನಿಲಯದವರು ನಿನ್ನೆ ಸಂಜೆ ಫೋನ್ ಮಾಡಿ, "ಹತ್ತು ನಿಮಿಷ ನೀವು ಮಾತಾಡಿಬಿಡ್ರಿ ಮೇಡಮ್, ವಿಷಯ ನಿಮಗ ಬಿಟ್ಟದ್ದು" ಅಂದರು. ನನಗೆ ಇರುವ ವಿಷಯ ಒಂದೇ. ಅದನ್ನು ಎತ್ತಿದರೆ ನನ್ನ ಜೊತೆಯವರೆಲ್ಲ ಚಹಾ ನೆಪ ಮಾಡಿ ಎದ್ದು ಹೋಗುತ್ತಾರೆ. ನೀವು ರೇಡಿಯೊ ಬಂದ್ ಮಾಡಬೇಡಿ. ರೊಟ್ಟಿ ಬಡಿಯುತ್ತಲೇ ಕೇಳಿ.

ನಾನು ಧಾರವಾಡದಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ. ಒಂದು ಕೋಣೆ, ಎರಡು ಕುರ್ಚಿ, ಒಂದು ತಂಬಿಗೆ ನೀರು. ಹೀಗೆ ಒಬ್ಬೊಬ್ಬರೇ ಕೋಣೆ ಹಿಡಿದು ಕೂತವರು ಹುಬ್ಬಳ್ಳಿ, ಗದಗ, ಹಾವೇರಿಯಲ್ಲೂ ಇದ್ದಾರೆ. ಅವರಲ್ಲಿ ಯಾರೇ ಸಿಕ್ಕರೂ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ನಾಳೆ ಬೆಳಿಗ್ಗೆ ನೀವು ಬಾಗಿಲು ತೆಗೆಯದಿದ್ದರೆ, ನಿಮ್ಮ ಹತ್ತಿರ ಬರುವವರಿಗೆ ಯಾರು ಫೋನ್ ಮಾಡುತ್ತಾರೆ? "ನೋಡೋಣ ಮೇಡಮ್" ಅಂತಾರೆ. ನೋಡುವವರು ಯಾರು? ನೀವು ಐಸಿಯುದಲ್ಲಿ ಇರ್ತೀರಿ!

ದೊಡ್ಡ ಆಸ್ಪತ್ರೆಯಲ್ಲಿ ಈ ತೊಂದರೆ ಇಲ್ಲ. ಇಲ್ಲೇ ಧಾರವಾಡದ ಮಾನಸಿಕ ಆಸ್ಪತ್ರೆ, ನಮ್ಮ ಡಿಮ್ಹಾನ್ಸ್‌ಗೆ ಹೋಗಿ ಚೀಟಿ ಮಾಡಿಸಿ ಕೂತರೆ, ಹೋದ ಸಲ ನೋಡಿದ ಡಾಕ್ಟರ್ ಇಲ್ಲದಿದ್ದರೂ ಇನ್ನೊಬ್ಬರು ನೋಡುತ್ತಾರೆ. ಫೈಲ್ ಅಲ್ಲೇ ಇರುತ್ತದೆ. ನಮ್ಮಂಥವರದು ಹಾಗಲ್ಲ. ಡಾಕ್ಟರೂ ನಾವೇ, ಗುಮಾಸ್ತರೂ ನಾವೇ, ಕೀಲಿಕೈಯೂ ನಮ್ಮದೇ ಕಿಸೆಯಲ್ಲಿ. ಪೇಢೆ ಅಂಗಡಿ ಮುಚ್ಚಿದ್ದರೆ ನೀವು ಪಕ್ಕದ ಅಂಗಡಿಗೆ ಹೋಗುತ್ತೀರಿ. ಮನೆಯಲ್ಲಿ ಯಾರಿಗೂ ಹೇಳದ್ದನ್ನು ಆರು ತಿಂಗಳಿಂದ ಒಬ್ಬರ ಮುಂದೆ ಹೇಳಿಕೊಂಡು ಅತ್ತವರು ಯಾವ ಪಕ್ಕದ ಅಂಗಡಿಗೆ ಹೋಗಬೇಕು?

ಒಂದು ಸಂಗತಿ ಹೇಳುತ್ತೇನೆ. ಮನೆಯವರನ್ನು ಕೇಳಿಯೇ ಹೇಳುತ್ತಿದ್ದೇನೆ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಹುಬ್ಬಳ್ಳಿಯಲ್ಲಿ ನನಗಿಂತ ಹಿರಿಯರು ಒಬ್ಬರು ಕೌನ್ಸೆಲಿಂಗ್ ಮಾಡುತ್ತಿದ್ದರು. ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಇವರ ಕೋಣೆ. ಗುಟ್ಟು ಕಾಯುವುದು ಅಂದರೆ ಅವರೇ. ಡೈರಿಯಲ್ಲಿ ಯಾರ ಹೆಸರೂ ಇಲ್ಲ. "ಸೋ. 4", "ಗು. 5½", ಅಷ್ಟೇ. ಫೋನಿನಲ್ಲೂ ಹಾಗೆಯೇ, "ಗುರುವಾರ ಐದೂವರೆ" ಅಂತ ಸೇವ್ ಮಾಡಿಕೊಂಡಿದ್ದರು. ಒಮ್ಮೆ ನನಗೆ ಹೆಮ್ಮೆಯಿಂದ ತೋರಿಸಿದ್ದರು. ನಾನೂ ಭೇಷ್ ಅಂದಿದ್ದೆ.

ಒಂದು ಭಾನುವಾರ ಊಟ ಮುಗಿಸಿ ಏಳುವಾಗ ಲಕ್ವಾ ಹೊಡೆಯಿತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು.

ಬುಧವಾರ ನಾನು ಆಸ್ಪತ್ರೆಗೆ ಹೋದೆ. ಅವರ ಹೆಂಡತಿಗೆ ನಾನು ವೈನಿ ಅನ್ನುತ್ತೇನೆ. ವೈನಿ ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ತೊಡೆಯ ಮೇಲಿದ್ದ ಕೈಚೀಲದೊಳಗೆ ಫೋನ್ ಬಡಿದುಕೊಳ್ಳುತ್ತಿತ್ತು. "ಅಕ್ಕಾರ, ಇದು ನಿಂದರವಲ್ದು ನೋಡ್ರಿ. ಎತ್ತಿ ಏನಂತ ಹೇಳ್ಲಿ? ಯಾರು ಬರ್ತಾರ, ಯಾಕ ಬರ್ತಾರ, ಇವರು ನನ್ನ ಮುಂದ ಎಂದೂ ಬಾಯಿ ಬಿಟ್ಟವರಲ್ಲ" ಅಂದರು. ಎತ್ತಲಿಲ್ಲ. ಸಂಜೆ ಚಾರ್ಜ್ ಮುಗಿದು ಫೋನ್ ತಾನೇ ಸುಮ್ಮನಾಯಿತು.

ಮರುದಿನ ಮಗ ಪುಣೆಯಿಂದ ಬಂದ. ಚಾರ್ಜ್ ಹಾಕಿ, ಅಪ್ಪನ ಹೆಬ್ಬೆಟ್ಟು ಒತ್ತಿಸಿದ. ತೆರೆಯಲಿಲ್ಲ. ಪೂರ್ತಿ ಆರಿ ಮತ್ತೆ ಹೊತ್ತಿದ ಫೋನು ಮೊದಲ ಸಲ ಹೆಬ್ಬೆಟ್ಟಿಗೆ ಬಗ್ಗುವುದಿಲ್ಲ, ನಂಬರ್ ಹಾಕಲೇಬೇಕು. ನಿಮಗೆ ಗೊತ್ತಿತ್ತಾ ಇದು? ನನಗೆ ಗೊತ್ತಿರಲಿಲ್ಲ. "ಅಪ್ಪಾ, ನಂಬರ್ ಏನು?" ಅಂತ ಮಗ ಕೇಳುತ್ತಿದ್ದ. ಅವರಿಗೆ ನಂಬರ್ ನೆನಪಿತ್ತು, ನೋಡಿದರೆ ತಿಳಿಯುತ್ತಿತ್ತು. ಆದರೆ ಹೇಳಲು ಹೋದರೆ ಬಾಯಿಂದ ಬರುತ್ತಿದ್ದದ್ದು "ನೀರು". ಎಷ್ಟು ಸಲ ಕೇಳಿದರೂ "ನೀರು". ಲಕ್ವಾದಲ್ಲಿ ಹೀಗಾಗುತ್ತದೆ, ಮನಸ್ಸಿನಲ್ಲಿ ಒಂದು, ನಾಲಿಗೆಯಲ್ಲಿ ಇನ್ನೊಂದು. ಹುಡುಗ ಪಾಪ ಚಮಚದಲ್ಲಿ ನೀರು ಹಾಕುತ್ತಿದ್ದ. ಅವರು ತಲೆ ಅಲ್ಲಾಡಿಸಿ ಅಳುತ್ತಿದ್ದರು.

ಎರಡು ವಾರ ಹೀಗೇ ಹೋಯಿತು. ಪಟ್ಟಿ ಇಲ್ಲ, ಹೆಸರಿಲ್ಲ, ನಂಬರಿಲ್ಲ. ಉಳಿದದ್ದು ಒಂದೇ ದಾರಿ. ಮೂರನೇ ವಾರದಿಂದ ನಾನು ದಿನಾ ಮಧ್ಯಾಹ್ನ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ, ಆ ಕೋಣೆಯ ಮುಂದೆ ಮೆಟ್ಟಿಲ ಮೇಲೆ ಕೂತೆ. ಡೈರಿ ತೊಡೆಯ ಮೇಲೆ. ಮೇಲೆ ಹತ್ತಿ ಬಂದವರಿಗೆ ಹೇಳುವುದು, ಅಷ್ಟೇ ಕೆಲಸ. ಅಲ್ಲಿಯವರೆಗೆ ಉತ್ತರ ಕೊಡುತ್ತಿದ್ದವನು ಝೆರಾಕ್ಸ್ ಅಂಗಡಿ ಹುಡುಗ. "ಕೆಲವರಿಗೆ ಊರಿಗೆ ಹೋಗ್ಯಾರ ಅಂದೆ ರೀ, ಕೆಲವರಿಗೆ ಬಂದ್ ಮಾಡ್ಯಾರ ಅಂದೆ" ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಅವನಿಗೆ ಹೇಳಿದವರು ಯಾರು?

ಗುರುವಾರ ಸರಿಯಾಗಿ ಐದೂವರೆಗೆ ಒಬ್ಬರು ಹತ್ತಿ ಬಂದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಫೀ ಇಟ್ಟ ಲಕೋಟೆ. ಗದಗಿನಿಂದ ರೈಲಿಗೆ ಬರುತ್ತಾರೆ. ಮನೆಯಲ್ಲಿ ಹುಬ್ಬಳ್ಳಿ ಕೆಲಸ ಅಂತ ಹೇಳಿ ಬರುತ್ತಾರೆ. ನಾನು ಕೂರಿಸಿ ವಿಷಯ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಇದು ಮೂರನೇ ಗುರುವಾರ ರೀ. ಹೋದ ಎರಡು ವಾರನೂ ಬಂದಿದ್ದೆ. ಬೀಗ ಇತ್ತು. ನನ್ನ ಟೈಮ್ ಮುಗಿಯೂ ತನಕ ಇಲ್ಲೇ ಕೂತು ಹೋದೆ. ನನ್ನ ಮಾತು ಕೇಳಿ ಕೇಳಿ ಸರ್‌ಗೆ ಬ್ಯಾಸರಾಗಿರಬೇಕು, ಅದಕ್ಕ ಬೀಗ ಹಾಕ್ಯಾರ ಅಂತ ತಿಳಕೊಂಡಿದ್ದೆ."

ಎರಡು ವಾರದಲ್ಲಿ ಹನ್ನೊಂದು ಜನ ಬಂದರು. "ಮಂ. 3" ಬರಲೇ ಇಲ್ಲ. ಗಂಡಸೋ ಹೆಂಗಸೋ, ಯಾವ ಊರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಗಡಿಯಾರ ನೋಡಿದೆ, ಕಥೆಯೇ ಜಾಸ್ತಿ ಹೊತ್ತು ತಿಂದಿತು. ಇನ್ನು ಬೇಗ ಬೇಗ ಹೇಳುತ್ತೇನೆ.

ಬೇಕಾದದ್ದು ಒಂದು ಹಾಳೆ, ಅದರಲ್ಲಿ ಒಂದು ಹೆಸರು. ನಾನು ಬಾಗಿಲು ತೆರೆಯದಿದ್ದರೆ ಇವರು ತೆರೆಯಬೇಕು ಅಂತ. ಅಮೆರಿಕದಲ್ಲಿ ಇದಕ್ಕೆ ಪ್ರೊಫೆಷನಲ್ ವಿಲ್ ಅಂತಾರೆ, ಬ್ರಿಟನ್ನಿನಲ್ಲಿ ಕ್ಲಿನಿಕಲ್ ವಿಲ್ ಅಂತಾರೆ. ಹೆಸರು ಏನಾದರೂ ಇರಲಿ. ಒಬ್ಬರು ನನಗೆ "ನಾನು ಮೃತ್ಯುಪತ್ರ ಮಾಡಿಟ್ಟಿದ್ದೇನೆ" ಅಂದರು. ಮೃತ್ಯುಪತ್ರ ಲೆಕ್ಕಕ್ಕೆ ಬರುವುದು ಜೀವ ಹೋದ ಮೇಲೆ. ನಮ್ಮ ಹಿರಿಯರು ಬದುಕಿದ್ದರಲ್ಲ! ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಮುಖ್ತ್ಯಾರ್ ಪತ್ರದ್ದು ಉಲ್ಟಾ, ಅದು ಜೀವ ಹೋದ ಕೂಡಲೇ ಮುಗಿಯಿತು. ನಮ್ಮ ಹಾಳೆ ಎರಡಕ್ಕೂ ಆಗುವಂತಿರಬೇಕು.

ಯಾರ ಹೆಸರು? ಹೆಂಡತಿಯದಲ್ಲ, ಗಂಡನದಲ್ಲ, ಮಗನದಂತೂ ಅಲ್ಲ. ಗುಟ್ಟು ಕಾಯುವ ಇದೇ ಕೆಲಸದಲ್ಲಿರುವ ಇನ್ನೊಬ್ಬರದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮು ಚಿಕಿತ್ಸೆಗೆ ಬಂದವರ ಗುಟ್ಟು ಅವರ ಹಕ್ಕು ಅಂತ ಹೇಳುತ್ತದೆ. ನಾನು ಆಸ್ಪತ್ರೆ ಸೇರಿದೆ ಅಂತ ಆ ಗುಟ್ಟು ನನ್ನ ಮಗನ ಕೈಗೆ ಹೋಗಬಾರದು. ಮನೆಯವರಿಗೆ ಗೊತ್ತಿರಬೇಕಾದದ್ದು ಇಷ್ಟೇ: ಯಾರಿಗೆ ಫೋನ್ ಮಾಡಬೇಕು. ಹೆಸರು ಬರೆಯುವ ಮುಂಚೆ ಆ ಮನುಷ್ಯರನ್ನು ಕೇಳಿ ಮಾರಾಯರೇ. ಕೇಳದೆ ಬರೆದಿಟ್ಟವರನ್ನೂ ನೋಡಿದ್ದೇನೆ.

ಹಾಳೆಯಲ್ಲಿ ಕೀಲಿ ಎಲ್ಲಿದೆ, ಫೋನಿನ ನಂಬರ್ ಏನು, ಈಗ ಬರುತ್ತಿರುವವರ ಪಟ್ಟಿ ಎಲ್ಲಿದೆ, ಅದರಲ್ಲಿ ಮೊದಲು ಯಾರಿಗೆ ಹೇಳಬೇಕು ಅಂತ ಬರೆಯಿರಿ. ಸಾಯುವ ಮಾತು ಆಡಿದವರು ಎಲ್ಲರಿಗಿಂತ ಮೊದಲು. ಹಳೆಯ ವಹಿಗಳನ್ನು ಎಷ್ಟು ವರ್ಷ ಇಡಬೇಕು, ಆಮೇಲೆ ಯಾರು ಸುಡಬೇಕು ಅನ್ನುವುದೂ ಇರಲಿ. ನಾನು 7 ವರ್ಷ ಇಡುತ್ತೇನೆ. ಇದನ್ನು ಬರೆಯದಿದ್ದರೆ ಕೋಣೆ ಖಾಲಿ ಮಾಡಿಸುವಾಗ ಮಾಲೀಕರು ರದ್ದಿಯವನಿಗೆ ತೂಗಿ ಕೊಡುತ್ತಾರೆ. ಆಮೇಲೆ ಆ ವಹಿಯ ಹಾಳೆಯಲ್ಲಿ ಯಾರೋ ಗಿರಮಿಟ್ ತಿನ್ನುತ್ತಾರೆ.

ಫೋನ್ ಮಾಡುವವರು "ಕೌನ್ಸೆಲಿಂಗ್‌ನಿಂದ ಮಾತಾಡ್ತಿದ್ದೀವಿ" ಅಂತ ಶುರು ಮಾಡಬಾರದು. ಆ ಕಡೆ ಎತ್ತಿದವರು ಅತ್ತೆಯೂ ಆಗಿರಬಹುದು. ಅದಕ್ಕೇ ಮೊದಲ ದಿನವೇ ಬಂದವರ ಹತ್ತಿರ ಹೇಳಿಬಿಡಿ: "ನನಗೆ ಏನಾದರೂ ಆದರೆ ಇಂಥವರು ನಿಮಗೆ ಫೋನ್ ಮಾಡುತ್ತಾರೆ. ಯಾವ ನಂಬರಿಗೆ, ಯಾವ ಹೊತ್ತಿಗೆ ಮಾಡಿದರೆ ಅಡ್ಡಿಯಿಲ್ಲ?" ಎರಡು ನಿಮಿಷದ ಮಾತು.

ಕೌನ್ಸೆಲರ್ ಹತ್ತಿರ ಹೋಗುವವರು ನೀವಾಗಿದ್ದರೆ, ಮುಂದಿನ ಸಲ ನೀವೇ ಕೇಳಿ: "ನೀವು ಒಂದು ದಿನ ಬಾಗಿಲು ತೆಗೆಯದಿದ್ದರೆ ನನಗೆ ಯಾರು ಹೇಳುತ್ತಾರೆ?" ಕೇಳುವುದು ಸೊಕ್ಕಲ್ಲ. ಉತ್ತರ ತಡವರಿಸಿದರೆ ಒಂದು ವಾರ ಬಿಟ್ಟು ಮತ್ತೆ ಕೇಳಿ. ಬೀಗ ಈಗಾಗಲೇ ಬಿದ್ದಿದ್ದರೆ, ಮನಸ್ಸು ತಡೆಯುತ್ತಿಲ್ಲ ಅಂದರೆ, 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ತಗೋತಿದ್ದರೆ ಡಾಕ್ಟರ್ ಇಲ್ಲ ಅಂತ ನೀವಾಗೇ ನಿಲ್ಲಿಸಬೇಡಿ, ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಿ.

ನನ್ನ ಹಾಳೆ ಗದಗಿನಲ್ಲಿ ಒಬ್ಬ ಗೆಳತಿಯ ಹತ್ತಿರ ಇದೆ, ಅವಳದ್ದು ನನ್ನ ಹತ್ತಿರ. ಪ್ರತಿ ತಿಂಗಳ ಮೊದಲ ತಾರೀಖಿಗೆ ಪಟ್ಟಿ ತಿದ್ದುತ್ತೇವೆ. ಕೀಲಿ ಎಲ್ಲಿದೆ ಅಂತ ರೇಡಿಯೊದಲ್ಲಿ ಹೇಳುವುದಿಲ್ಲ.

ಹೋದ ದೀಪಾವಳಿಗೆ ಆ ಹಿರಿಯರ ಮನೆಗೆ ಹೋಗಿದ್ದೆ. ಈಗ ಓಡಾಡುತ್ತಾರೆ, ಒಂದೊಂದು ಮಾತು ಬರುತ್ತದೆ. ಎಡಗೈಯಲ್ಲಿ ಬರೆಯುವುದು ಕಲಿಯುತ್ತಿದ್ದಾರೆ. ವೈನಿ ಫರಾಳದ ತಾಟು ತಂದಿಟ್ಟು ಒಳಗೆ ಹೋದ ಮೇಲೆ, ವಹಿಯನ್ನು ನನ್ನ ಕಡೆ ತಳ್ಳಿದರು. ಸೊಟ್ಟ ಅಕ್ಷರದಲ್ಲಿ ನಾಲ್ಕು ಅಂಕಿ ಬರೆದಿತ್ತು. ಕೆಳಗೆ "ಮಂ. 3".

ಕಡಲೆಯ ಕಾರ್ಯಕ್ರಮ ಮುಂದಿನ ವಾರ ಇದೆಯಂತೆ. ನಮಸ್ಕಾರ.