ನೆಂಟರು ಬಂದರೆ ಮೊದಲ ದಿನ ಬೇಲೂರು ಬೇಡ

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮ ಹಾಸನದವರ ಜೊತೆಗೇ ಒಂದು ವಾದ ಇದೆ ನನ್ನದು. ದೂರದಿಂದ ನೆಂಟರು ಬಂದರೆ ನಾವು ಏನ್ ಮಾಡ್ತೀವಿ? ಬೆಳಿಗ್ಗೆ ತಿಂಡಿ ತಿನ್ನಿಸಿ ಕಾರು ಹತ್ತಿಸ್ತೀವಿ. ಬೇಲೂರು, ಹಳೇಬೀಡು, ಆಮೇಲೆ ಶ್ರವಣಬೆಳಗೊಳ, ಎಲ್ಲಾ ಒಂದೇ ದಿನ. ರಾತ್ರಿ ಬಸ್ಸು. ಅವರ ಫೋನಿನಲ್ಲಿ ನೂರಾರು ಫೋಟೋ ಇರುತ್ತೆ, ಯಾವ ಶಿಲ್ಪ ಯಾವ ಗುಡಿಯದು ಅಂತ ಅವರಿಗೇ ಗೊತ್ತಿರಲ್ಲ.

ಬೇಲೂರು, ಹಳೇಬೀಡು ನೋಡೋದು ಬೇಡ ಅಂತ ನಾನು ಹೇಳ್ತಿಲ್ಲ. 2023ರಲ್ಲಿ ಸೋಮನಾಥಪುರದ ಜೊತೆ ಅವೆರಡೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಮೊದಲು ದೊಡ್ಡಗದ್ದವಳ್ಳಿಗೆ ಕರ್ಕೊಂಡು ಹೋಗಿ. ಬೇಲೂರು ರಸ್ತೆಯಲ್ಲೇ ಹೋಗಿ ಊರ ಕಡೆ ತಿರುಗಿದರೆ ಸಾಕು.

ಅಲ್ಲಿನ ಲಕ್ಷ್ಮೀ ಗುಡಿ ಬೇಲೂರಿಗಿಂತ ಹಳೆಯದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಇದು ಅದಕ್ಕೂ ಮೂರ್ನಾಲ್ಕು ವರ್ಷ ಮುಂಚಿನದು. ಕಟ್ಟಿಸಿದ್ದು ರಾಜನೂ ಅಲ್ಲ. ಕುಲ್ಲಹಣ ರಾಹುತ ಅನ್ನೋ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ. ವ್ಯಾಪಾರದಲ್ಲಿ ದುಡಿದ ದುಡ್ಡಿನಲ್ಲಿ ಗಂಡ ಹೆಂಡತಿ ಸೇರಿ ನಾಲ್ಕು ಗರ್ಭಗುಡಿಯ ದೇವಸ್ಥಾನ ಎಬ್ಬಿಸಿದ್ದಾರೆ. ಈ ಮಾತನ್ನ ನೆಂಟರಿಗೆ ಅಲ್ಲೇ ನಿಂತು ಹೇಳಿ, ಅವರು ಗುಡಿ ನೋಡೋ ರೀತಿಯೇ ಬೇರೆ ಆಗುತ್ತೆ.

ಹೊರಗೋಡೆ ಹೆಚ್ಚುಕಮ್ಮಿ ಬೋಳು. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳು. ಅಲಂಕಾರ ಕಮ್ಮಿ ಇರೋದರಿಂದಲೇ ಹೊಯ್ಸಳರ ಗುಡಿ ಹೇಗೆ ನಿಂತಿದೆ ಅನ್ನೋದು ಇಲ್ಲಿ ಕಣ್ಣಿಗೆ ಸಿಗುತ್ತೆ. ಒಳಗೆ ಕತ್ತಲು, ಟಾರ್ಚ್ ತಗೊಂಡು ಹೋಗಿ. ಕಾಳಿಯ ಗುಡಿ ಬಾಗಿಲ ಎರಡೂ ಕಡೆ ಆಳೆತ್ತರದ ಬೇತಾಳಗಳಿವೆ. ಬೆಳಕನ್ನ ಪಕ್ಕದಿಂದ ಹಿಡಿಯಿರಿ: ಒಂದೊಂದು ಪಕ್ಕೆಲುಬೂ ನೆರಳು ಬಿಟ್ಟುಕೊಂಡು ಎದ್ದು ಬರುತ್ತೆ. ಈ ಗುಡಿ ಕಟ್ಟಿರೋದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಅದು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಅಷ್ಟು ಸೂಕ್ಷ್ಮ ಕೆಲಸ ಸಾಧ್ಯ ಆಗಿದ್ದು ಅದಕ್ಕೇ. ಇಷ್ಟು ತಿಳ್ಕೊಂಡು ಮಾರನೇ ದಿನ ಬೇಲೂರಿಗೆ ಹೋದರೆ ಮದನಿಕೆಯರ ಮುಂದೆ ಸುಮ್ಮನೆ ಬಾಯಿ ಬಿಟ್ಟು ನಿಲ್ಲಲ್ಲ, ಪ್ರಶ್ನೆ ಕೇಳ್ತಾರೆ.

ಹೊತ್ತಿದ್ದರೆ ಅರಸೀಕೆರೆ ರಸ್ತೆ ಕಡೆಯ ಕೋರವಂಗಲ. ಅಲ್ಲಿ 1173ರ ಬೂಚೇಶ್ವರ ಗುಡಿ ಇದೆ, ಶಿವನ ಎದುರಿಗೆ ಸೂರ್ಯ. ಮೊಸಳೆಯ ಜೋಡಿ ಗುಡಿಗಳೂ ಹಾಸನಕ್ಕೆ ಹತ್ತಿರವೇ.

ಶೆಟ್ಟಿಹಳ್ಳಿ ಚರ್ಚ್ ಬಗ್ಗೆ ಮಾತ್ರ ನನಗೆ ಸಂಕಟ ಇದೆ. ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿದ ಗೋಡೆ ಮುಂದೆ ಸೆಲ್ಫಿ ತೆಗೆದು ಎಲ್ಲರೂ ವಾಪಸ್ ಬರ್ತಾರೆ. ಗೊರೂರು ಅಣೆಕಟ್ಟಿಗಾಗಿ ಅಲ್ಲಿನ ಜನ ಮನೆ, ಗದ್ದೆ ಬಿಟ್ಟು ಹೋದರು. ನೆಂಟರಿಗೆ ಅದನ್ನ ಹೇಳದೆ ತೋರಿಸೋದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಗೋಡೆಗಳು ಶಿಥಿಲ ಆಗಿವೆ, ಕೆಳಗೆ ನಿಲ್ಲಿಸಬೇಡಿ.

ಹಾಸನಾಂಬೆ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಆಗ ಕರೆದರೆ ದರ್ಶನಕ್ಕೆಂದೇ ಕರೀರಿ, ಸಾಲಿನಲ್ಲಿ ನಿಲ್ಲೋಕೆ ಇಡೀ ದಿನ ಬಿಟ್ಟುಬಿಡಿ.

ಇನ್ನು ಊಟ. ದಯವಿಟ್ಟು ಗೋಬಿ ಮಂಚೂರಿ ಕೊಡಿಸಿ ಕಳಿಸಬೇಡಿ. ನಮ್ಮ ಜಿಲ್ಲೆ ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಸಕಲೇಶಪುರದ ಕಡೆಯ ಅಕ್ಕಿ ಕಡುಬು, ಚನ್ನರಾಯಪಟ್ಟಣದ ಕಡೆಯ ರಾಗಿ ಮುದ್ದೆ, ಎರಡೂ ಒಂದೇ ಮನೇಲಿ ಉಣ್ಣಿಸೋ ಭಾಗ್ಯ ಎಷ್ಟು ಊರಿಗಿದೆ? ಚಳಿಗಾಲದಲ್ಲಿ ಬಂದರೆ ಹಿತಕಿದ ಬೇಳೆ ಸಾರು ಮಾಡಲೇಬೇಕು. ರಾತ್ರಿ ನೆನೆಸಿದ ಸೊಗಡವರೆ ಕಾಳನ್ನ ನೆಂಟರ ಕೈಗೂ ಕೊಟ್ಟು ಕೂರಿಸಿಕೊಳ್ಳಿ. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಪಟ್ಟಂತ ಪಾತ್ರೆಗೆ ಹಾರುತ್ತೆ. ಅರ್ಧ ಗಂಟೆ ಮಾತಾಡ್ತಾ ಹಿತುಕಿದರೆ ಸಾರಿಗೆ ಬೇಕಾದಷ್ಟು ಆಗುತ್ತೆ. ಮುದ್ದೆ ಅಗಿಯಬಾರದು, ಸಾರಲ್ಲಿ ಹೊರಳಿಸಿ ನುಂಗಬೇಕು ಅಂತ ಮನೇಲಿ ಅಜ್ಜಿ ಇದ್ದರೆ ಅವರೇ ಹೇಳಿಕೊಡಲಿ. ಮಲಗೋ ಮುಂಚೆ ಮಾರನೇ ದಿನದ ಬೇಲೂರಿಗೆ ಬೆಳಿಗ್ಗೆ ಬೇಗ ಹೊರಡೋಣ ಅಂತ ಹೇಳಿಬಿಡಿ, ಬಿಸಿಲೇರಿದ ಮೇಲೆ ಅಲ್ಲಿನ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಡೆಯೋದು ಕಷ್ಟ.