ಮುಂಗಡದ ಲೆಕ್ಕ, ಜೀತದ ಗಂಟು

ಕೇಳುಗರೆ, ನಮಸ್ಕಾರ.

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಬಡವರ ಕೇರಿಗೆ ಮೇಸ್ತ್ರಿ ಬರುತ್ತಾನೆ. ಮದುವೆಗೋ ಆಸ್ಪತ್ರೆಗೋ ಕಾಸಿಲ್ಲದ ಮನೆಗೆ ಮುಂಗಡ ಕೊಟ್ಟು, ಗಂಡ, ಹೆಂಡತಿ, ಮಕ್ಕಳನ್ನು ದೂರದ ಇಟ್ಟಿಗೆ ಗೂಡಿಗೆ ಕರೆದೊಯ್ಯುತ್ತಾನೆ. ಸಾಲ ಮಾಡಿದ್ದು ತಪ್ಪಲ್ಲ. ಆ ಸಾಲದಲ್ಲಿ ಮನುಷ್ಯರನ್ನು ಕಟ್ಟಿಹಾಕುವುದು ಅಪರಾಧ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ, 1975ರ ಅಕ್ಟೋಬರ್ 25ರಿಂದಲೇ ಜಾರಿಯಾಯಿತೆಂದು ಲೆಕ್ಕ. ಅಂದಿನಿಂದ ಜೀತದ ಸಾಲವನ್ನು ಯಾರೂ ತೀರಿಸಬೇಕಾಗಿಲ್ಲ.

ಆದರೂ ತೀರಿಸುತ್ತಲೇ ಇದ್ದಾರಲ್ಲ, ಏಕೆ? ಉದಾಹರಣೆಗೆ ಒಂದು ಲೆಕ್ಕ ನೋಡೋಣ. ಮುಂಗಡ 60,000 ರೂಪಾಯಿ. ಸಾವಿರ ಇಟ್ಟಿಗೆ ಕುಯ್ದರೆ 700 ರೂಪಾಯಿ. ದಿನಕ್ಕೆ ಸಾವಿರದಂತೆ ವಾರಕ್ಕೆ ಆರು ದಿನ ದುಡಿದರೆ 4,200. ಸಂತೆಗೆಂದು 1,000 ಕೈಗೆ ಕೊಟ್ಟು, ಉಳಿದ 3,200 ಮುಂಗಡಕ್ಕೆ ಜಮಾ. 19 ವಾರದಲ್ಲಿ ಸಾಲ ಚುಕ್ತಾ ಆಗಬೇಕು. ಆಗುವುದಿಲ್ಲ. ಒಡಕು, ಸೊಟ್ಟ ಎಂದು ಸಾವಿರಕ್ಕೆ 150 ಇಟ್ಟಿಗೆ ಕಳೆಯುತ್ತಾರೆ. ಮಣ್ಣು ಬರಲಿಲ್ಲವೆಂದು ವಾರದಲ್ಲಿ ಒಂದು ದಿನ ಕೆಲಸವಿಲ್ಲ. ಆಗ ವಾರಕ್ಕೆ ಜಮಾ ಆಗುವುದು 1,975 ಮಾತ್ರ. 19 ವಾರದ ಕೊನೆಗೆ 22,475 ಬಾಕಿ. ಮಗುವಿನ ಜ್ವರಕ್ಕೆ ಕೊಟ್ಟದ್ದು, ಮೇಸ್ತ್ರಿಯ ಕಮಿಷನ್ನು ಅದರ ಮೇಲೆ. ಆ ಬಾಕಿಯೇ ಮುಂದಿನ ವರ್ಷದ ಹಗ್ಗ. ಲೆಕ್ಕದ ಪುಸ್ತಕ ಮಾಲೀಕನ ಕೈಯಲ್ಲಿ, ಹೆಬ್ಬೆಟ್ಟು ಮಾತ್ರ ಇವರದು.

ಜೀತವೆಂದರೆ ಕಾಲಿಗೆ ಸರಪಳಿ ಇರಬೇಕು ಎಂದು ಎಷ್ಟೋ ಅಧಿಕಾರಿಗಳೇ ನಂಬಿದ್ದಾರೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಮುಂಗಡದ ಕಾರಣದಿಂದ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯುತ್ತಿದ್ದರೆ ಸಾಕು. ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡದಿದ್ದರೆ ಸಾಕು. ಊರಿಗೆ ಹೋಗಲು ಬಿಡದಿದ್ದರೂ ಸಾಕು. ಬೆಳೆದದ್ದನ್ನೋ ತಮ್ಮ ಆಸ್ತಿಯನ್ನೋ ಪೇಟೆ ಬೆಲೆಗೆ ಮಾರಲು ಬಿಡದಿದ್ದರೂ ಅದು ಜೀತವೇ. ನಾಲ್ಕರಲ್ಲಿ ಒಂದಿದ್ದರೆ ಆಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಇನ್ನೊಂದು ದೊಡ್ಡ ಬಲ ಜೀತ ಕಾಯ್ದೆಯ 15ನೇ ಸೆಕ್ಷನ್: ಇದು ಜೀತದ ಸಾಲವೆಂದು ಕೂಲಿಯವರು ಹೇಳಿದರೆ, ಅಲ್ಲವೆಂದು ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು.

ನಿಮ್ಮ ಊರಿನ ಪಕ್ಕದ ಗೂಡಿನಲ್ಲಿ ಇಂಥದ್ದು ಕಂಡರೆ ಮೊದಲು ಮೇಸ್ತ್ರಿಯ ಹತ್ತಿರ ಹೋಗಬೇಡಿ. ರಾತ್ರೋರಾತ್ರಿ ಟೆಂಪೋ ಹತ್ತಿಸಿ ಸಾಗಿಸಿಬಿಡುತ್ತಾರೆ. ಎಷ್ಟು ಜನ, ಯಾವ ಊರು, ಯಾವಾಗ ಬಂದರು, ಮುಂಗಡ ಎಷ್ಟು, ಗೂಡು ಎಲ್ಲಿದೆ ಎಂದು ಬರೆದುಕೊಂಡು, ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಡೆತ ಬಡಿತ ನಡೆದಿದ್ದರೆ 112ಕ್ಕೆ ಕರೆ ಮಾಡಿ. ಮಕ್ಕಳಿದ್ದರೆ 1098. ಉಚಿತ ವಕೀಲರು ಬೇಕಾದರೆ 15100.

ಎಡವುವುದು ಹೆಚ್ಚಾಗಿ ಅರ್ಜಿಯ ಮೇಲೆ ಅಧಿಕಾರಿಗಳು ನಡೆಸುವ ವಿಚಾರಣೆಯಲ್ಲಿ. ಮಾಲೀಕ ಎದುರಿಗೇ ನಿಂತಿರುವಾಗ "ತೊಂದರೆ ಇದೆಯಾ?" ಎಂದು ಕೇಳಿದರೆ, "ಇಲ್ಲ ಸ್ವಾಮಿ, ನಾವೇ ದುಡ್ಡು ಈಸ್ಕೊಂಡಿದೀವಿ" ಎಂದೇ ಉತ್ತರ ಬರುತ್ತದೆ. ಒಬ್ಬೊಬ್ಬರನ್ನೂ ಬೇರೆ ಕೂರಿಸಿ, ಅವರ ಭಾಷೆಯಲ್ಲೇ ಹೇಳಿಕೆ ಬರೆಸಿಕೊಳ್ಳುವಂತೆ ಒತ್ತಾಯಿಸಿ. ಮಾಲೀಕ ಇಟ್ಟುಕೊಂಡ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಆ ಹೊತ್ತಿಗೇ ವಾಪಸು ಪಡೆಯಬೇಕು. ಆಮೇಲೆ ಸಿಗುವುದು ಕಷ್ಟ.

ಎರಡನೆಯ ತಪ್ಪು, ರಾಜಿ. ಕೈಗಿಷ್ಟು ಕೂಲಿ ಕೊಡಿಸಿ ಬಸ್ಸು ಹತ್ತಿಸಿದರೆ ಪ್ರಕರಣ ಅಲ್ಲಿಗೇ ಸತ್ತಿತು. ಜೀತದಿಂದ ಬಿಡುಗಡೆಯಾದರೆಂದು ಅಧಿಕಾರಿ ಬರೆದುಕೊಡುವ ಬಿಡುಗಡೆ ಪ್ರಮಾಣಪತ್ರ ಇಲ್ಲದೆ ಅಲ್ಲಿಂದ ಯಾರೂ ಕದಲಬಾರದು. ಅದೂ ಮನೆಗೊಂದಲ್ಲ, ತಲೆಗೊಂದು. ಗಂಡನ ಹೆಸರಿನಲ್ಲಿ ಮಾತ್ರ ಬರೆದರೆ ಮಣ್ಣು ತುಳಿದ ಹೆಂಡತಿ, ಇಟ್ಟಿಗೆ ಮಗುಚಿದ ಮಗಳು ದಾಖಲೆಯಲ್ಲೇ ಇಲ್ಲವಾಗುತ್ತಾರೆ. ಪುನರ್ವಸತಿ ನೆರವು ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಮಾನವ ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ತಕ್ಷಣದ ನೆರವು 30,000ದವರೆಗೆ. ಉಳಿದದ್ದು ಅಪರಾಧಿಗೆ ಶಿಕ್ಷೆಯಾದ ಮೇಲೆ. ಈ ಷರತ್ತು ನಮಗೆ ಅನ್ಯಾಯವೆಂದೇ ಕಾಣುತ್ತದೆ: ಪೊಲೀಸರು ಮೊಕದ್ದಮೆ ಸಡಿಲ ಮಾಡಿದರೆ ನಷ್ಟ ಬಿಡುಗಡೆಯಾದವರಿಗೆ. ಆದ್ದರಿಂದ ಎಫ್‌ಐಆರ್‌ನಲ್ಲಿ ಜೀತ ಕಾಯ್ದೆಯ 16, 17, 18ನೇ ಸೆಕ್ಷನ್‌ಗಳು ಇವೆಯೇ ಎಂದು ಅಲ್ಲೇ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಸೇರಬೇಕು.

ಊರಿಗೆ ಮರಳಿದ ಮೇಲೂ ಮೇಸ್ತ್ರಿ ಬಾಕಿ ಕೇಳಲು ಬಾಗಿಲಿಗೆ ಬರಬಹುದು. ಆ ಹಣ ಪಡೆಯುವುದೇ ಮೂರು ವರ್ಷದವರೆಗೆ ಜೈಲು ಶಿಕ್ಷೆಯಾಗಬಲ್ಲ ಅಪರಾಧ. ಪ್ರಮಾಣಪತ್ರವನ್ನು ಟ್ರಂಕಿನಲ್ಲಿ ಭದ್ರವಾಗಿಟ್ಟು, ಅವನಿಗೆ ತೋರಿಸಲು ಒಂದು ಜೆರಾಕ್ಸ್ ಪ್ರತಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ನಮಸ್ಕಾರ.