ಈ ಸಲದ ಕ್ರಿಸ್‌ಮಸ್‌ಗೆ ಯಾವ ಮರ?

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಮೈಸೂರಿನ ಅಶೋಕ ರಸ್ತೆಗೆ ಬೇರೆಯೇ ಕಳೆ. ಸಂತ ಫಿಲೋಮಿನಾ ಚರ್ಚಿನ ಆಸುಪಾಸಿನ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಗೆ ಬೇಕಾದ ಕುರಿ, ಹಸು, ಕುರುಬರ ಬೊಂಬೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಪಕ್ಕದಲ್ಲೇ ಹಸಿರು ಪ್ಲಾಸ್ಟಿಕ್ ಮರಗಳು. ಗೇಣುದ್ದದ್ದೂ ಇದೆ, ಆಳೆತ್ತರದ್ದೂ ಇದೆ. ಇತ್ತ ನರ್ಸರಿಗಳಲ್ಲಿ ಕುಂಡದೊಳಗಿನ ಅರಾಕೇರಿಯಾ ಗಿಡಗಳನ್ನು ರಸ್ತೆಗೆ ಕಾಣುವ ಹಾಗೆ ಮುಂದಕ್ಕೆ ತಂದಿಟ್ಟಿರುತ್ತಾರೆ. ಮನೆಮನೆಯಲ್ಲೂ ಅದೇ ಮಾತು. ನಿಜವಾದ ಮರ ತರೋಣವೋ, ಪ್ಲಾಸ್ಟಿಕ್ ಮರ ತರೋಣವೋ? ಮರ ಕಡಿಯುವುದು ಪಾಪ ಅಲ್ವಾ ಅನ್ನುತ್ತಾರೆ ಮಕ್ಕಳು. ಪ್ಲಾಸ್ಟಿಕ್ಕಿಗೆ ಪರಿಮಳ ಎಲ್ಲಿಂದ ಬರಬೇಕು ಅನ್ನುತ್ತಾರೆ ದೊಡ್ಡವರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್ 24ರಂದು ಮರ ಹೇಗೆ ಕಾಣುತ್ತದೆ ಅನ್ನುವುದನ್ನು ಎಲ್ಲರೂ ಯೋಚಿಸುತ್ತೇವೆ. ಜನವರಿ 6ಕ್ಕೆ, ಕೂಸು ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ ಮುಗಿಯುತ್ತದೆ, ಅಲಂಕಾರ ಬಿಚ್ಚುತ್ತೇವೆ. ಆಮೇಲೆ ಆ ಮರ ಎಲ್ಲಿಗೆ ಹೋಗುತ್ತದೆ? ಮರ ಕೊಳ್ಳುವ ಮುಂಚೆ ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು, ಯಾವ ಮರ ಅನ್ನುವುದು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಒಂದು ಸಮಾಧಾನದ ಮಾತು. ಮರ ಇಲ್ಲದಿದ್ದರೆ ಹಬ್ಬವೇ ಅಲ್ಲ ಎಂದು ಯಾರೂ ಕೊರಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಗೋದಲಿಯದೇ ಮೊದಲ ಜಾಗ. ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿಯ ದೃಶ್ಯ ಮಾಡಿ ತೋರಿಸಿದ್ದು 1223ರಲ್ಲಿ. ಮರದ ಕಥೆ ಶುರುವಾಗುವುದು ಅದಾಗಿ ಎಷ್ಟೋ ಕಾಲದ ಮೇಲೆ, ಜರ್ಮನ್ ಮಾತಾಡುವ ನಾಡುಗಳಲ್ಲಿ. 1605ರ ಹೊತ್ತಿಗೆ ಸ್ಟ್ರಾಸ್‌ಬರ್ಗ್ ಊರಿನ ಜನ ಮನೆಯೊಳಗೆ ಫರ್ ಎಂಬ ಸೂಜಿಯೆಲೆಯ ಮರ ನಿಲ್ಲಿಸಿ, ಅದಕ್ಕೆ ಬಣ್ಣದ ಕಾಗದದ ಗುಲಾಬಿ, ಸೇಬು, ಮಿಠಾಯಿ ಕಟ್ಟುತ್ತಿದ್ದರು ಎಂದು ಬರೆದಿಟ್ಟಿದ್ದಾರೆ. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಆಮೇಲೆ ಇಂಗ್ಲಿಷರು ಹೋದ ಕಡೆಗೆಲ್ಲ ಮರವೂ ಹೋಯಿತು. ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಮೊದಲ ಸಲ ಕ್ರಿಸ್‌ಮಸ್ ಮರ ನಿಂತಿದ್ದು ಯಾವಾಗ ಗೊತ್ತೇ? 1982ರಲ್ಲಿ! ಹಾಗಾಗಿ ಇದೇ ಜಾತಿಯ ಮರ ಇರಬೇಕು, ಇಷ್ಟೇ ಎತ್ತರ ಇರಬೇಕು ಅನ್ನುವ ಕಟ್ಟುಪಾಡೇನೂ ಇಲ್ಲ.

ಯುರೋಪು, ಅಮೆರಿಕದಲ್ಲಿ ನಿಜವಾದ ಮರ ಅಂದರೆ ಫರ್, ಸ್ಪ್ರೂಸ್, ಪೈನ್. ನಾವು ಕಬ್ಬು, ಭತ್ತ ಬೆಳೆಯುವ ಹಾಗೆ ಅಲ್ಲಿ ಅದನ್ನು ಹೊಲದಲ್ಲಿ ಬೆಳೆಯುತ್ತಾರೆ. ಆಳೆತ್ತರ ಬರಲು ಏಳರಿಂದ ಹತ್ತು ವರ್ಷ ಬೇಕು. ಕಡಿದ ಜಾಗದಲ್ಲಿ ಮತ್ತೆ ಸಸಿ ನೆಡುತ್ತಾರೆ. ಕಾಡಿಗೆ ಕೊಡಲಿ ಹಾಕುತ್ತಾರೆ ಎಂದು ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅದು ಹಾಗಲ್ಲ. ಆದರೆ ಆ ಮರಗಳು ಚಳಿ ನಾಡಿನವು. ಮೈಸೂರಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಬಿಸಿಲು 27, 28 ಡಿಗ್ರಿಗೆ ಏರುತ್ತದೆ. ಇಲ್ಲಿ ಅವು ಬೆಳೆಯುವುದೂ ಇಲ್ಲ, ಕಡಿದು ತಂದರೆ ಬಾಳುವುದೂ ಇಲ್ಲ.

ನಮ್ಮ ಕಡೆಯ ನಿಜವಾದ ಕ್ರಿಸ್‌ಮಸ್ ಮರ ಯಾವುದು ಅಂದರೆ, ಸರ್ವೆ, ಅಂದರೆ ಗಾಳಿಮರ. ಹಳೆಯ ಕಾಲದ ಮನೆಗಳನ್ನು ಕೇಳಿ ನೋಡಿ. ಎಣ್ಣೆ ಡಬ್ಬಕ್ಕೆ ಮರಳು ತುಂಬಿ, ಸುತ್ತ ಬಣ್ಣದ ಕಾಗದ ಅಂಟಿಸಿ, ಒಂದು ಒಳ್ಳೆಯ ಸರ್ವೆ ಕೊಂಬೆ ನೆಟ್ಟರೆ ಮರ ಸಿದ್ಧ. ಸರ್ವೆಯ ಕಡ್ಡಿಯನ್ನು ಹತ್ತಿರದಿಂದ ನೋಡಿದ್ದೀರಾ? ಎಲೆ ಅಂದುಕೊಂಡಿದ್ದು ನಿಜಕ್ಕೂ ಎಲೆಯಲ್ಲ, ಸಣ್ಣ ರೆಂಬೆ. ಅದರ ಉದ್ದಕ್ಕೂ ಗಿಣ್ಣುಗಳು. ಒಂದೊಂದು ಗಿಣ್ಣಿನ ಸುತ್ತ ಸೂಜಿಮೊನೆಯಷ್ಟು ಸಣ್ಣ ಹಲ್ಲುಗಳಿರುತ್ತವೆ. ಅವೇ ಎಲೆ! ಮಕ್ಕಳು ಗಿಣ್ಣಿನಲ್ಲಿ ಕಡ್ಡಿಯನ್ನು ಎಳೆದು ಬಿಡಿಸಿ, ಮತ್ತೆ ಸೇರಿಸಿ, ಎಲ್ಲಿ ಮುರಿದಿದ್ದೇನೆ ಹೇಳು ನೋಡೋಣ ಎಂದು ಆಡುವುದು ಇದರಲ್ಲೇ. ನೋಡಲು ಪೈನ್ ಹಾಗಿದ್ದರೂ ಸರ್ವೆ ಆ ಕುಲದ್ದಲ್ಲ, ಹೂ ಬಿಡುವ ಮರ.

ರೈತರು ಸರ್ವೆ ಬೆಳೆಯುವುದು ಕಂಬಕ್ಕೆ, ಕಾಗದದ ಕಾರ್ಖಾನೆಗೆ. ನಾಲ್ಕೈದು ವರ್ಷಕ್ಕೆ ಕಡಿಯುತ್ತಾರೆ. ಕಾಂಡಕ್ಕೆ ಬೆಲೆ, ತುದಿಯ ರೆಂಬೆಗಳು ಹೊಲದಲ್ಲೇ ಬಿದ್ದಿರುತ್ತವೆ. ಅಂಥ ರೆಂಬೆ ತಂದು ಅಲಂಕಾರ ಮಾಡಿದರೆ ಒಂದು ಮರವೂ ಹಬ್ಬಕ್ಕಾಗಿ ಸಾಯುವುದಿಲ್ಲ. ಹಬ್ಬ ಮುಗಿದ ಮೇಲೆ ಅದು ಹಂಡೆ ಒಲೆಗೆ ಒಳ್ಳೆಯ ಸೌದೆ. ಒಲೆ ಇಲ್ಲದವರು ತುಂಡು ಮಾಡಿ ಗಿಡಗಳ ಬುಡಕ್ಕೆ ಹರಡಬಹುದು. ಗುರುತಿನ ರೈತರು ಇದ್ದವರಿಗೆ ಇದಕ್ಕಿಂತ ಒಳ್ಳೆಯ ಮರ ಇಲ್ಲ ಎಂದೇ ನನ್ನ ನಂಬಿಕೆ. ಆದರೆ ಪಾರ್ಕಿನದ್ದೋ ರಸ್ತೆ ಬದಿಯದ್ದೋ ಮರದ ಕೊಂಬೆಗೆ ಕೈ ಹಾಕಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದು ಅದಕ್ಕೇ. ಕಾನೂನಿನ ಮಾತು ಹಾಗಿರಲಿ, ಆ ನೆರಳು ಇಡೀ ಬೀದಿಯದ್ದು.

ಈಗ ಪ್ಲಾಸ್ಟಿಕ್ ಮರಕ್ಕೆ ಬರೋಣ. ಇದನ್ನು ಬರೀ ಬೈಯುವುದು ನನಗೆ ಸರಿ ಕಾಣುವುದಿಲ್ಲ. ಕೃತಕ ಮರ ಹುಟ್ಟಿದ್ದೇ ಮರ ಉಳಿಸಲು. 19ನೇ ಶತಮಾನದ ಜರ್ಮನಿಯಲ್ಲಿ ಕಾಡು ಕರಗುತ್ತಿದೆ ಎಂಬ ಆತಂಕ ಬಂದಾಗ, ಹೆಬ್ಬಾತಿನ ಪುಕ್ಕಕ್ಕೆ ಹಸಿರು ಬಣ್ಣ ಕೊಟ್ಟು ತಂತಿಗೆ ಸುತ್ತಿ ಮರ ಮಾಡಿದರು. ಈಗಿನವು ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಸಣ್ಣಗೆ ಸೀಳಿ ತಂತಿಯ ಜೊತೆ ಹುರಿ ಮಾಡಿದಂಥವು, ಹೆಚ್ಚಿನವು ಚೀನಾದಿಂದ ಬರುತ್ತವೆ. ತೊಂದರೆ ಇರುವುದು ಆ ಹುರಿಯಲ್ಲೇ. ಪ್ಲಾಸ್ಟಿಕ್ಕನ್ನೂ ತಂತಿಯನ್ನೂ ಬೇರ್ಪಡಿಸಲು ಯಾರ ಕೈಯಲ್ಲೂ ಆಗದು. ಒಣ ಕಸಕ್ಕೆ ಹಾಕಿದರೂ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಸುಟ್ಟರಂತೂ ವಿಷದ ಹೊಗೆ. ದಯವಿಟ್ಟು ಸುಡಬೇಡಿ.

ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಎಂಬ ಸಂಸ್ಥೆ ಒಂದು ಲೆಕ್ಕ ಕೊಟ್ಟಿದೆ. ಎರಡು ಮೀಟರ್ ಎತ್ತರದ ಪ್ಲಾಸ್ಟಿಕ್ ಮರದಿಂದ ವಾತಾವರಣಕ್ಕೆ ಸೇರುವ ಇಂಗಾಲದ ಹೊರೆ ಸುಮಾರು 40 ಕಿಲೋ. ಅದೇ ಎತ್ತರದ ನಿಜವಾದ ಮರವನ್ನು ಹಬ್ಬದ ನಂತರ ಸೌದೆ ಮಾಡಿದರೆ ಸುಮಾರು ಮೂರೂವರೆ ಕಿಲೋ. ಆದರೆ ಆ ಮರವನ್ನೇ ಕಸದ ರಾಶಿಗೆ ಎಸೆದರೆ 16 ಕಿಲೋ. ಗಾಳಿಯಾಡದ ಕಸದಡಿ ಅದು ಕೊಳೆತು ಮೀಥೇನ್ ಅನಿಲ ಬರುತ್ತದೆ, ಅದಕ್ಕೇ ಇಷ್ಟು ವ್ಯತ್ಯಾಸ. ಇದು ಅಲ್ಲಿನ ಮರ, ಅಲ್ಲಿನ ಕಸದ ಲೆಕ್ಕ. ಇಲ್ಲಿಗೆ ಅಂಕಿ ಹಾಗೇ ಹೊಂದದೆ ಹೋಗಬಹುದು. ಆದರೂ ದಾರಿ ತೋರಿಸುತ್ತದೆ. ಪ್ಲಾಸ್ಟಿಕ್ ಮರ ಕೊಂಡವರು ಅದನ್ನು ಹತ್ತು ವರ್ಷವಾದರೂ ಬಳಸಬೇಕು. ಇನ್ನೂ ಜಾಸ್ತಿ ವರ್ಷ ಬಳಸಿದರೆ ಇನ್ನೂ ಒಳ್ಳೆಯದು.

ಹತ್ತು ವರ್ಷ ಒಂದು ವಸ್ತುವನ್ನು ಜೋಪಾನ ಮಾಡುವುದು ಮೈಸೂರಿನವರಿಗೆ ಹೊಸದಾಗಿ ಕಲಿಸಬೇಕೇ? ದಸರಾ ಗೊಂಬೆಗಳನ್ನು ನೋಡಿ. ಒಂದೊಂದನ್ನೂ ಹಳೇ ಪಂಚೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಅಜ್ಜಿಯಿಂದ ಮೊಮ್ಮಗಳವರೆಗೆ ಕಾಪಾಡುತ್ತಾರೆ. ಪ್ಲಾಸ್ಟಿಕ್ ಮರವನ್ನೂ ಹಾಗೇ ನೋಡಿಕೊಳ್ಳಿ. ಧೂಳು ಒರೆಸಿ, ರೆಂಬೆಗಳನ್ನು ಬುಡದ ಕಡೆಗೆ ಮಡಿಸಿ, ಹಳೇ ಬೆಡ್‌ಶೀಟಿನಲ್ಲಿ ಕಟ್ಟಿ ಸಜ್ಜದ ಮೇಲಿಡಿ. ಬಿಸಿಲು ಬೀಳುವ ಜಾಗ ಬೇಡ, ಪ್ಲಾಸ್ಟಿಕ್ ಬಿರುಸಾಗಿ ಪುಡಿ ಉದುರುತ್ತದೆ. ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಮರ ಇದ್ದರೆ, ಪರಿಸರದ ಕಾಳಜಿಯಿಂದ ಅದನ್ನು ಎಸೆದು ಬೇರೆ ತರುವುದು ಮಾತ್ರ ಬೇಡ. ಅದರ ಹೊರೆ ಬಿದ್ದಾಗಿದೆ. ಬಾಳುವಷ್ಟು ಕಾಲ ಬಾಳಲಿ.

ಇನ್ನು ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಕುಂಡದ ಗಿಡ. ನರ್ಸರಿಗಳಲ್ಲಿ ಕ್ರಿಸ್‌ಮಸ್ ಗಿಡ ಎಂದೇ ಮಾರುವ ಅರಾಕೇರಿಯಾ. ಇದರ ತವರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ದ್ವೀಪಗಳು. ನಾರ್ಫೋಕ್ ದ್ವೀಪದ್ದು ಒಂದು ಜಾತಿ, ನ್ಯೂ ಕ್ಯಾಲಿಡೋನಿಯಾದ್ದು ಇನ್ನೊಂದು. ಎರಡನೆಯದನ್ನು ಕುಕ್ ಪೈನ್ ಅನ್ನುತ್ತಾರೆ. ಎಳೆಯ ಗಿಡದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಡುವಿನ ಕಾಂಡ ನೆಟ್ಟಗೆ, ಅದರ ಸುತ್ತ ಅಂತಸ್ತು ಅಂತಸ್ತಾಗಿ ರೆಂಬೆಗಳು. ಮುಟ್ಟಿದರೆ ಮೃದು.

ಗಿಡ ಆರಿಸುವಾಗ ಕಾಂಡದ ತುದಿಯ ಸುಳಿಯನ್ನು ನೋಡಿ. ನಮಗೆ ಗಿಡ ಕೊಡುವ ನರ್ಸರಿಯವರು ಪ್ರತಿ ಸಲವೂ ಹೇಳುವ ಮಾತು ಒಂದೇ: "ಅಕ್ಕಾ, ಏನು ಬೇಕಾದ್ರೂ ಮಾಡಿ, ಸುಳಿ ಮಾತ್ರ ಮುರೀಬೇಡಿ." ಅದು ಅಕ್ಷರಶಃ ನಿಜ. ಸುಳಿ ಮುರಿದರೆ ಆ ಚೆಂದದ ಗೋಪುರದ ಆಕಾರ ಕೆಡುತ್ತದೆ. ಅಲಂಕಾರಕ್ಕೆ ಎಲ್ಲರೂ ಮೊದಲು ಮಾಡುವ ಕೆಲಸ ಸುಳಿಗೇ ನಕ್ಷತ್ರ ಸಿಕ್ಕಿಸುವುದು! ಹಾಗೆ ಮಾಡಬೇಡಿ. ಕುಂಡದಲ್ಲಿ ಒಂದು ತೆಳು ಬಿದಿರು ಕಡ್ಡಿ ನೆಟ್ಟು, ನಕ್ಷತ್ರವನ್ನು ಅದರ ತುದಿಗೆ ಕಟ್ಟಿ. ಇನ್ನೊಂದು ಸೋಜಿಗ ಕೇಳಿ. ಇದರ ಪಕ್ಕದ ರೆಂಬೆ ಕತ್ತರಿಸಿ ನೆಟ್ಟು ಬೇರು ಬರಿಸಿದರೂ ಅದು ಮೇಲಕ್ಕೆ ಬೆಳೆಯುವುದಿಲ್ಲ. ತಾನು ಇನ್ನೂ ರೆಂಬೆಯೇ ಎಂಬಂತೆ ಅಡ್ಡಡ್ಡ ಬೆಳೆಯುತ್ತದೆ. ಆದ್ದರಿಂದ ಬೀಜದಿಂದ ಬಂದ ಸಸಿಯನ್ನೇ ಕೇಳಿ ತೆಗೆದುಕೊಳ್ಳಿ.

ಕೆಮ್ಮಣ್ಣು, ಮರಳು, ಎರೆಗೊಬ್ಬರ ಬೆರೆಸಿದರೆ ಸಾಕು. ಕುಂಡದ ತೂತು ಕಟ್ಟಿಕೊಂಡಿರಬಾರದು. ಮೇಲಿನ ಮಣ್ಣು ಬೆರಳಿಗೆ ಒಣಗಿದೆ ಅನ್ನಿಸಿದಾಗ ನೀರು ಹಾಕಿ. ಬೆಳಕು ಚೆನ್ನಾಗಿ ಬೇಕು, ವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಿ, ಇಲ್ಲದಿದ್ದರೆ ಒಂದೇ ಕಡೆಗೆ ವಾಲುತ್ತದೆ. ಕೆಳಗಿನ ರೆಂಬೆ ಒಣಗಿ ಬಿದ್ದರೆ ಆ ಜಾಗದಲ್ಲಿ ಮತ್ತೆ ಚಿಗುರುವುದಿಲ್ಲ, ಅದಕ್ಕೇ ಮನೆಯೊಳಗೆ ಕತ್ತಲ ಮೂಲೆಯಲ್ಲಿ ತಿಂಗಳುಗಟ್ಟಲೆ ಇಡಬಾರದು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಒಳಗೆ ತಂದರೆ ಸಾಕು. ರೆಂಬೆಗಳು ಮೆತ್ತಗಿರುವುದರಿಂದ ಭಾರದ ಗಾಜಿನ ಗುಂಡು ಬೇಡ. ಮಕ್ಕಳ ಕೈಯಲ್ಲಿ ಕಾಗದದ ಗಂಟೆ, ದೇವದೂತರನ್ನು ಮಾಡಿಸಿ.

ಬೆಳೆದ ಕುಕ್ ಪೈನ್ ಕಂಡರೆ ಒಂದು ನಿಮಿಷ ನಿಂತು ನೋಡಿ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಎತ್ತರದವು ಇವೆ. ಈ ಮರ ಭೂಮಧ್ಯರೇಖೆಯ ಕಡೆಗೆ ವಾಲಿಕೊಂಡು ಬೆಳೆಯುತ್ತದೆ ಎಂದು 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಉತ್ತರಾರ್ಧದಲ್ಲಿರುವ ನಮ್ಮಲ್ಲಿ ದಕ್ಷಿಣಕ್ಕೆ, ಆಸ್ಟ್ರೇಲಿಯಾದಲ್ಲಿ ಉತ್ತರಕ್ಕೆ!

ಈ ಗಿಡ ತರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕುಂಡದಲ್ಲಿ ಇರುವವರೆಗೆ ಇದು ನಿಧಾನವಾಗಿ ಬೆಳೆಯುವ ಸಾಧು ಗಿಡ. ನೆಲಕ್ಕೆ ಇಳಿಸಿದಿರೋ, ಕಥೆಯೇ ಬೇರೆ. ತವರಿನಲ್ಲಿ ಇದು 60 ಮೀಟರ್ ಎತ್ತರಕ್ಕೆ ಹೋಗುವ ಮರ, ಅಂದರೆ ಸುಮಾರು 200 ಅಡಿ. ನಮ್ಮ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳೇ 175 ಅಡಿ. ಇಲ್ಲಿ ಅಷ್ಟು ಎತ್ತರ ಬರದಿದ್ದರೂ ಮೂವತ್ತು ನಲವತ್ತರ ಸೈಟಿನಲ್ಲಿ, ಕಾಂಪೌಂಡಿಗೆ ಒತ್ತಿಕೊಂಡು, ಕರೆಂಟ್ ತಂತಿಯ ಕೆಳಗೆ ನೆಡುವ ಮರ ಇದಲ್ಲ. ಹಾಗೆ ನೆಟ್ಟ ಗಿಡಕ್ಕೆ ಕೆಲವೇ ವರ್ಷಗಳಲ್ಲಿ ಕೊಡಲಿ ಬೀಳುವುದನ್ನು ನೋಡಿ ನನಗೆ ನೋವಾಗಿದೆ. ಜಾಗ ಇಲ್ಲದವರು ಥೂಜಾ ಎಂಬ ಅಲಂಕಾರದ ಗಿಡ ತನ್ನಿ. ಅದು ಅಷ್ಟು ದೊಡ್ಡದಾಗುವುದಿಲ್ಲ, ಕತ್ತರಿ ಹಾಕಿದರೂ ಮತ್ತೆ ಚಿಗುರುತ್ತದೆ.

ಮರ ಯಾವುದೇ ಇರಲಿ, ಬೆಂಕಿಯ ಬಗ್ಗೆ ಎಚ್ಚರ. ಹಿಮದ ಹಾಗೆ ಕಾಣಲಿ ಎಂದು ಹತ್ತಿ ಹರಡುತ್ತೇವಲ್ಲ, ಅದರ ಹತ್ತಿರ ಮೇಣದಬತ್ತಿ ಬೇಡವೇ ಬೇಡ. ಒಣಗಿದ ಸರ್ವೆಯೂ ಬೇಗ ಹತ್ತಿಕೊಳ್ಳುತ್ತದೆ. ಎಲ್‌ಇಡಿ ಸೀರಿಯಲ್ ಸೆಟ್ ಹಾಕಿ, ಅದು ಅಷ್ಟು ಬಿಸಿಯಾಗುವುದಿಲ್ಲ. ತಂತಿ ಸುಲಿದಿದ್ದರೆ ಬಳಸಬೇಡಿ. ಮಧ್ಯರಾತ್ರಿಯ ಪೂಜೆಗೆ ಮನೆಯವರೆಲ್ಲ ಹೊರಡುವಾಗ ಸ್ವಿಚ್ ಆರಿಸಿಯೇ ಬೀಗ ಹಾಕಿ.

ಜನವರಿಯಲ್ಲಿ ಕುಂಡದ ಗಿಡವನ್ನು ಒಮ್ಮೆಲೇ ಮಹಡಿಯ ಬಿಸಿಲಿಗೆ ಇಡಬೇಡಿ, ಎಲೆ ಸುಡುತ್ತದೆ. ಒಂದು ವಾರ ನೆರಳಲ್ಲಿ, ಆಮೇಲೆ ಬೆಳಗಿನ ಬಿಸಿಲಿಗೆ. ಎರಡು ವರ್ಷಕ್ಕೊಮ್ಮೆ ದೊಡ್ಡ ಕುಂಡಕ್ಕೆ ಬದಲಾಯಿಸಿ. ಎತ್ತಿ ಒಳಗೆ ತರಲು ಆಗದಷ್ಟು ದೊಡ್ಡದಾದಾಗ ನಿಮ್ಮ ಚರ್ಚಿನ ಗುರುಗಳನ್ನೋ, ಮಕ್ಕಳು ಓದುವ ಶಾಲೆಯವರನ್ನೋ, ತೋಟ ಇರುವ ಬಂಧುಗಳನ್ನೋ ಕೇಳಿ. ಕಟ್ಟಡದಿಂದ ದೂರ, ಮೇಲೆ ತಂತಿ ಇಲ್ಲದ ಬಯಲು ಜಾಗ ಸಿಕ್ಕರೆ ಮುಂಗಾರು ಶುರುವಾಗುವ ಜೂನ್‌ನಲ್ಲಿ ನೆಡಿ. ಮೊದಲ ಎರಡು ಬೇಸಿಗೆ ನೀರು ಹಾಕುವ ಜವಾಬ್ದಾರಿಯನ್ನು ಮನೆಯ ಮಕ್ಕಳಿಗೆ ವಹಿಸಿ.

ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು. ನಮಸ್ಕಾರ.